ಒಡ್ಡಿನ ಮೇಲಿನ ಮದಗುಣಕಿ

ಬಾಗಲಕೋಟೆ ಕಡೆಯ ಶಿರೂರಿನ ಎರಿ ಹೊಲಗಳ ಒಡ್ಡಿನ ಮೇಲೆ, ತಿಪ್ಪೆಯ ಅಂಚಿಗೆ, ಬಿದ್ದ ಗೋಡೆಯ ಬುಡಕ್ಕೆ ಮದಗುಣಕಿ ತಾನಾಗಿ ಏಳುತ್ತದೆ. ಯಾರೂ ಬಿತ್ತುವುದಿಲ್ಲ, ಯಾರೂ ನೀರುಣಿಸುವುದಿಲ್ಲ. ದನ ಮೂಸಿ ಮುಂದಕ್ಕೆ ಹೋಗುತ್ತದೆ. ಹೊತ್ತು ಮುಳುಗುವಾಗ ಬಿಳಿಯದೋ ನೇರಳೆಯದೋ ಉದ್ದನೆಯ ಹೂ ಅರಳುತ್ತದೆ, ಅದನ್ನು ಹುಡುಕಿಕೊಂಡು ರಾತ್ರಿಯ ಪತಂಗಗಳು ಬರುತ್ತವೆ. ಮುಳ್ಳುಕಾಯಿ ಒಣಗಿ ಒಡೆದರೆ ಬೀಜ ಅಲ್ಲೇ ಚೆಲ್ಲುತ್ತದೆ. ದತ್ತೂರಿ ಅಂದರೂ ಇದೇ.

ಅದೇ ಒಡ್ಡಿನ ಮೇಲೆ ಖಾಲಿ ಸೀಸೆಗಳೂ ಬಿದ್ದಿರುತ್ತವೆ. ಹತ್ತಿಗೆ, ತೊಗರಿಗೆ, ದಾಳಿಂಬೆಗೆ ಹೊಡೆದು ಮುಗಿಸಿದ ಎಣ್ಣೆಯ, ಅಂದರೆ ಕೀಟನಾಶಕದ, ಸೀಸೆಗಳು. ಒಂದನ್ನು ತಿರುಗಿಸಿ ನೋಡಿದೆ: ವಜ್ರಾಕೃತಿಯ ಗುರುತಿನ ಕೆಳಭಾಗ ಕೆಂಪು, ಅಂದರೆ ಅತಿ ವಿಷ. ಪಕ್ಕದಲ್ಲಿ ಇರುವೆಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಪ್ರತಿವಿಷದ ಹೆಸರು ಅಟ್ರೋಪಿನ್. ಕೀಟನಾಶಕದ ಜೊತೆ ಬರುವ ಚೀಟಿಯಲ್ಲಿ ಪ್ರತಿವಿಷವನ್ನು ಹೇಳಲೇಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ.

ಅಟ್ರೋಪಿನ್ ಒಂದು ಆಲ್ಕಲಾಯ್ಡ್. ಆ ಸೀಸೆಗೆ ಆತುಕೊಂಡು ನಿಂತಿದ್ದ ಮದಗುಣಕಿಯ ಎಲೆಯಲ್ಲಿ, ಬೇರಿನಲ್ಲಿ, ಬೀಜದಲ್ಲಿ ಇರುವುದು ಅದೇ, ಅದರ ಸೋದರ ಸಂಯುಕ್ತಗಳ ಜೊತೆಗೆ. ಕೊಲ್ಲುವುದೂ ಅದಕ್ಕೆ ಮದ್ದೂ ಒಂದೇ ಒಡ್ಡಿನ ಮೇಲೆ ಅಕ್ಕಪಕ್ಕ ಇವೆ. ಇದು ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ. ಈ ಟಿಪ್ಪಣಿಗಳು ಅದಕ್ಕಾಗಿ.

*

ಹೊಲದ ಹಿರಿಯರೊಬ್ಬರನ್ನು ಕೇಳಿದೆ, ಇದನ್ನು ತಿಂದರೆ ಏನಾಗುತ್ತದೆ ಎಂದು.

"ಕೈ ಹಚ್ಚಬ್ಯಾಡ್ರಿ ಅದಕ್ಕ. ಬೀಜಾ ಹೊಟ್ಟ್ಯಾಗ ಹೋತಂದ್ರ ಬಾಯಿ ಒಣಗಿ ಕಟಿಗಿ ಆಗ್ತದ. ಕಣ್ಣು ದೊಡ್ಡೂ ಆಗ್ತಾವ. ಮನಿ ಮಂದೀನ ಗುರ್ತು ಹತ್ತೂದಿಲ್ಲ. ಗಾಳ್ಯಾಗ ಏನೋ ಹಿಡೀಲಿಕ್ಕೆ ಹೋಗ್ತಾರ, ಹಾಸಿಗಿ ಕೆರಕೋತ ಕೂಡ್ತಾರ."

ಇದನ್ನು ಬರೆದುಕೊಂಡು ಮನೆಗೆ ಬಂದು ಔಷಧಶಾಸ್ತ್ರದ ಪಠ್ಯ ತೆಗೆದೆ. ಬಾಯಿ ಒಣಗುವುದು, ಪಾಪೆ ಅಗಲವಾಗುವುದು, ಮೈ ಬಿಸಿಯಾಗಿ ಕೆಂಪಾಗುವುದು, ಮೂತ್ರ ಕಟ್ಟುವುದು, ನಾಡಿ ಓಡುವುದು, ಇಲ್ಲದ್ದನ್ನು ಕಾಣುವುದು, ಬಟ್ಟೆ ಹಾಸಿಗೆಗಳನ್ನು ಕೀಳುತ್ತಾ ಕೂರುವುದು. ಹಿರಿಯರು ಬಿಟ್ಟಿದ್ದು ಮೈ ಬಿಸಿ, ಮೂತ್ರ, ನಾಡಿಯ ಮಾತುಗಳನ್ನಷ್ಟೇ. ಗಾಳಿಯಲ್ಲಿ ಕೈಯಾಡಿಸುವ ಲಕ್ಷಣವನ್ನು ಅವರು ಹೇಳಿದಷ್ಟು ಸ್ಪಷ್ಟವಾಗಿ ಪುಸ್ತಕವೂ ಹೇಳಿರಲಿಲ್ಲ.

*

ಈಗ ಸೀಸೆಯ ಕಡೆಗೆ.

ನರದ ತುದಿಯಿಂದ ಸ್ನಾಯುವಿಗೆ, ಗ್ರಂಥಿಗೆ, ಹೃದಯಕ್ಕೆ ಅಪ್ಪಣೆ ಒಯ್ಯುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಮುಖ್ಯವಾದದ್ದು. ಅಪ್ಪಣೆ ಮುಟ್ಟಿದ ಕ್ಷಣವೇ ಅದನ್ನು ಒಡೆದುಹಾಕಲು ಒಂದು ಕಿಣ್ವ ಕಾದಿರುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಮಾಡುವ ಕೆಲಸ ಒಂದೇ, ಆ ಕಿಣ್ವವನ್ನು ಕಟ್ಟಿಹಾಕುವುದು. ಕಾಲುವೆಗೆ ನೀರು ಬಿಟ್ಟವರು ತೂಬು ಮುಚ್ಚದೆ ಹೋದರೆ ಹೊಲಗಳಿಗೆ ಏನಾಗುತ್ತದೋ ದೇಹಕ್ಕೂ ಅದೇ ಆಗುತ್ತದೆ. ಜೊಲ್ಲು, ಬೆವರು, ಕಣ್ಣೀರು, ವಾಂತಿ, ಭೇದಿ. ಪಾಪೆ ಸೂಜಿಮೊನೆಯಷ್ಟಾಗುತ್ತದೆ, ನಾಡಿ ನಿಧಾನವಾಗುತ್ತದೆ. ಶ್ವಾಸನಾಳಗಳು ತಮ್ಮದೇ ದ್ರವದಲ್ಲಿ ತುಂಬಿ ಎದೆ ಗೊರಗೊರ ಎನ್ನುತ್ತದೆ.

ಒಂದೊಂದಾಗಿ ಹೋಲಿಸಿ ನೋಡಿದರೆ ಮದಗುಣಕಿ ತಿಂದವನ ಲಕ್ಷಣಗಳಿಗೆ ಇವು ತದ್ವಿರುದ್ಧ. ಒದ್ದೆಗೆ ಒಣ, ಕಿರಿದಿಗೆ ಅಗಲ, ನಿಧಾನಕ್ಕೆ ಓಟ. ಅಟ್ರೋಪಿನ್ ಹೋಗಿ ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲಿ ಕೂರುತ್ತದೆ. ಅಪ್ಪಣೆ ಬಂದರೂ ತೆಗೆದುಕೊಳ್ಳುವವರಿಲ್ಲ.

ಆದರೆ ಅದು ತೂಬು ಮುಚ್ಚುವುದಿಲ್ಲ. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸುವ ಶಕ್ತಿ ಅದಕ್ಕಿಲ್ಲ. ಇನ್ನೊಂದು ಮಿತಿಯೂ ಇದೆ. ಅಸಿಟೈಲ್‌ಕೋಲಿನ್ ಕೂರುವ ಜಾಗಗಳು ಎರಡು ಬಗೆ, ಮಸ್ಕರಿನಿಕ್ ಮತ್ತು ನಿಕೋಟಿನಿಕ್. ಗ್ರಂಥಿ, ಹೃದಯ, ಶ್ವಾಸನಾಳ, ಕರುಳುಗಳಲ್ಲಿರುವ ಮೊದಲ ಬಗೆಯನ್ನು ಅಟ್ರೋಪಿನ್ ಕಾಯುತ್ತದೆ. ಕೈಕಾಲು ಆಡಿಸುವ, ಉಸಿರೆಳೆಯುವ ಸ್ನಾಯುಗಳಲ್ಲಿರುವ ಎರಡನೆಯ ಬಗೆಯನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಎದೆಯ ಗೊರಗೊರ ನಿಂತು, ಬಾಯಿ ಒಣಗಿ, ಮನೆಯವರು ಸಮಾಧಾನದ ಉಸಿರು ಬಿಟ್ಟ ಮೇಲೂ, ಒಂದೆರಡು ದಿನ ಕಳೆದು ರೋಗಿಗೆ ಕುತ್ತಿಗೆ ಎತ್ತಲಾಗದೆ ಉಸಿರಾಟ ಸೋಲಬಹುದು. ಆಗ ವೆಂಟಿಲೇಟರೇ ಗತಿ. "ಹುಷಾರಾದ, ಮನಿಗೆ ಕಳಸ್ರಿ" ಎಂದು ಯಾರೂ ಅವಸರ ಮಾಡಬಾರದು ಎಂದು ವೈದ್ಯರು ಬಡಿದುಕೊಳ್ಳುವುದು ಇದಕ್ಕಾಗಿ.

*

ಲೆಕ್ಕ ಒಂದು.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಟ್ರೋಪಿನ್ ಆಂಪೂಲಿನಲ್ಲಿರುವುದು 0.6 ಮಿಲಿಗ್ರಾಂ. ಬೇರೆ ಕಾರಣಕ್ಕೆ ಕೊಡುವಾಗ, ಅಂದರೆ ಹಿಂದೆಲ್ಲ ಶಸ್ತ್ರಚಿಕಿತ್ಸೆಗೆ ಮುಂಚೆ ಜೊಲ್ಲು ಕಡಿಮೆಯಾಗಲಿ ಎಂದು ಚುಚ್ಚುವಾಗ, ಒಂದು ಆಂಪೂಲು ಸಾಕಾಗುತ್ತಿತ್ತು. ಕೀಟನಾಶಕದ ವಿಷಕ್ಕೆ ಆರಂಭವೇ 1.8ರಿಂದ 3 ಮಿಲಿಗ್ರಾಂ. ಐದು ನಿಮಿಷ ನೋಡಬೇಕು. ಎದೆ ತಿಳಿಯಾಗದಿದ್ದರೆ ಎರಡರಷ್ಟು. ಮತ್ತೆ ಐದು ನಿಮಿಷ. ಮತ್ತೆ ಎರಡರಷ್ಟು. 3, 6, 12, 24. ಕಾಲು ಗಂಟೆಯೊಳಗೆ 45 ಮಿಲಿಗ್ರಾಂ. 0.6ರ ಲೆಕ್ಕಕ್ಕೆ 75 ಆಂಪೂಲು.

ಎಪ್ಪತ್ತೈದು ಗಾಜಿನ ಕುತ್ತಿಗೆಗಳನ್ನು ಯಾರೋ ಕೈಯಿಂದ ಮುರಿಯಬೇಕು, ಸಿರಿಂಜಿಗೆ ಎಳೆಯಬೇಕು. ಎಲ್ಲರಿಗೂ ಇಷ್ಟು ಬೇಕಾಗುವುದಿಲ್ಲ. ತೀವ್ರವಾದವರಿಗೆ ಇದಕ್ಕಿಂತ ಹೆಚ್ಚೂ ಬೇಕಾಗುತ್ತದೆ. ಎದೆ ತಿಳಿಯಾದ ಮೇಲೂ ನಿಲ್ಲಿಸುವಂತಿಲ್ಲ. ಅದುವರೆಗೆ ಕೊಟ್ಟದ್ದರ ಶೇಕಡಾ 10ರಿಂದ 20ರಷ್ಟನ್ನು ಪ್ರತಿ ಗಂಟೆಗೂ ಡ್ರಿಪ್ಪಿನಲ್ಲಿ ಬಿಡುತ್ತಾ ಹೋಗಬೇಕು.

ವಿಷದ ರೋಗಿಗಳನ್ನು ಬಹುಕಾಲ ನೋಡಿಕೊಂಡ ನರ್ಸೊಬ್ಬರನ್ನು ಕೇಳಿದೆ: ಸಾಕೆಂದು ನಿಮಗೆ ಗೊತ್ತಾಗುವುದು ಹೇಗೆ?

"ಕಣ್ಣ ಪಾಪಿ ಒಂದ ನೋಡಿದ್ರ ಆಗೂದಿಲ್ರಿ ಸರ್, ಅದು ತಡಾ ಮಾಡ್ತದ. ಎದಿ ಕೇಳಬೇಕು. ಕಂಕಳಾಗ ಕೈ ಇಟ್ಟು ನೋಡಬೇಕು, ಬೆವರು ಆರೇತೇನಿಲ್ಲ ಅಂತ. ನಾಡಿ ಎಂಬತ್ತರ ಮ್ಯಾಲ ಇರಬೇಕು. ಬಿಪಿ ಬೀಳಬಾರದು. ಮತ್ತ ಹೆಚ್ಚಾತಂದ್ರನೂ ಗೊತ್ತಾಗ್ತದ್ರಿ. ಜ್ವರಾ ಏರ್ತದ, ಹೊಟ್ಟಿ ಸಪ್ಪಳ ನಿಲ್ತದ, ಗಾಳ್ಯಾಗ ಕೈ ಹಾಕ್ತಾರ."

ಗಾಳಿಯಲ್ಲಿ ಕೈ. ಹೊಲದ ಹಿರಿಯರು ಹೇಳಿದ್ದ ಅದೇ ಮಾತು. ಮದಗುಣಕಿ ತಿಂದವನ ಹುಚ್ಚು ಇಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕದ ಅಳತೆಗೋಲು. ಅದು ಕಂಡರೆ ಡ್ರಿಪ್ಪನ್ನು ನಿಲ್ಲಿಸಿ, ತಗ್ಗಿಸಿ ಮತ್ತೆ ಹಚ್ಚುತ್ತಾರೆ. ಮನೆಯವರಿಗೆ ಮಾತ್ರ ಇದು ಹೊಸ ಗಾಬರಿ: ವಿಷ ತಲೆಗೇರಿತು ಎಂದುಕೊಳ್ಳುತ್ತಾರೆ. ಅವರಿಗೆ ಎರಡು ಮಾತು ಬಿಡಿಸಿ ಹೇಳುವಷ್ಟು ಪುರಸೊತ್ತು ವಾರ್ಡಿನಲ್ಲಿ ಯಾರಿಗಾದರೂ ಇರಬೇಕು ಎಂಬುದು ನನ್ನ ಆಸೆ.

*

ಹಾಗಿದ್ದರೆ ಒಡ್ಡಿನ ಗಿಡವನ್ನೇ ಅರೆದು ಕುಡಿಸಿದರೆ? ಒಬ್ಬ ಹುಡುಗ ಕೇಳಿದ, ಬುದ್ಧಿವಂತ ಪ್ರಶ್ನೆಯೇ. ಬೇಡ ಎನ್ನುವುದಕ್ಕೆ ಕಾರಣಗಳು ಗಟ್ಟಿಯಾಗಿವೆ. ಒಂದು ಗಿಡದಿಂದ ಇನ್ನೊಂದಕ್ಕೆ, ಎಲೆಯಿಂದ ಬೀಜಕ್ಕೆ, ಹಂಗಾಮಿನಿಂದ ಹಂಗಾಮಿಗೆ ಆಲ್ಕಲಾಯ್ಡಿನ ಪ್ರಮಾಣ ಏರುಪೇರಾಗುತ್ತದೆ. ಐದೈದು ನಿಮಿಷಕ್ಕೆ ಎದೆ ಕೇಳಿ ಅಳೆದು ಕೊಡುವ ಮದ್ದನ್ನು ಅಳತೆಯಿಲ್ಲದ ಸೊಪ್ಪಿನಿಂದ ಕೊಡಲಾಗದು. ಮೇಲಾಗಿ ವಾಂತಿಯಾಗುತ್ತಿರುವ, ಎಚ್ಚರ ತಪ್ಪುತ್ತಿರುವ ಮನುಷ್ಯನ ಬಾಯಿಗೆ ಏನು ಸುರಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪುನೀರು, ಸೋಪಿನ ನೀರು, ಸಗಣಿನೀರು ಕುಡಿಸಿ ಕಕ್ಕಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ನಿಲ್ಲಬೇಕು. ಮೈಮೇಲಿನ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆದು, ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡುವುದು. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಬೇಕು, ಈ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ.

ಚರ್ಮದ ಮಾತು ಬಂದಾಗ ಇನ್ನೊಂದು. ಎಣ್ಣೆ ಹೊಡೆದು ಬಂದ ಸಂಜೆ ತಲೆನೋವು, ಕಣ್ಣು ಮಂಜು, ಹೊಟ್ಟೆ ತೊಳಸುವುದು ಎಂದು ಹೇಳುವವರನ್ನು ಊರಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬಿಸಿಲಿಗೆ ಆದದ್ದು ಎನ್ನುತ್ತಾರೆ. ಬಿಸಿಲೂ ಇರಬಹುದು. ಆದರೆ ಗಾಳಿಗೆ ಎದುರು ನಿಂತು, ಬರಿಗೈಯಲ್ಲಿ ಬೆರೆಸಿ, ಬೆನ್ನಿಗೆ ಸೋರುವ ಪಂಪು ಹೊತ್ತು ಹೊಡೆದವರ ಮಂಜುಗಣ್ಣಿಗೆ ಬಿಸಿಲನ್ನಷ್ಟೇ ದೂರಿ ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ.

*

1936ರ ಡಿಸೆಂಬರ್ ತಿಂಗಳನ್ನು ನಾನು ಮತ್ತೆ ಮತ್ತೆ ಗುರುತು ಹಾಕಿಕೊಂಡಿದ್ದೇನೆ.

ಆ ತಿಂಗಳು ಆಟೋ ಲೋವಿ ಮತ್ತು ಹೆನ್ರಿ ಡೇಲ್ ನೊಬೆಲ್ ಪಡೆದರು. ನರ ತನ್ನ ಅಪ್ಪಣೆಯನ್ನು ರಾಸಾಯನಿಕದ ಮೂಲಕ ಮುಟ್ಟಿಸುತ್ತದೆ ಎಂದು ತೋರಿಸಿದ್ದಕ್ಕೆ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ 1921ರಲ್ಲಿ ಲೋವಿ ನರದ ಮೂಲಕ ನಿಧಾನಗೊಳಿಸಿದ ಒಂದು ಕಪ್ಪೆಯ ಹೃದಯವನ್ನು ತೊಯಿಸಿದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿ, ಎರಡನೆಯದೂ ನಿಧಾನವಾಗುವುದನ್ನು ಕಂಡಿದ್ದ. ಅಟ್ರೋಪಿನ್ ಹಾಕಿದಾಗ ಆ ಪರಿಣಾಮ ನಿಂತುಹೋಗಿತ್ತು. 1936ರ ಅದೇ ಡಿಸೆಂಬರಿನಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಗೆರ್‌ಹಾರ್ಡ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞ ಕೀಟನಾಶಕ ಹುಡುಕುತ್ತಾ ತಬೂನ್ ಎಂಬ ನರವಿಷವನ್ನು ತಯಾರಿಸಿದ. ಮುಂದೆ ಪ್ಯಾರಾಥಿಯಾನ್ ಬಂದದ್ದೂ ಅವನ ಕೈಯಿಂದಲೇ. ನಮ್ಮ ಹತ್ತಿಹೊಲದ ಸೀಸೆಗಳ ವಂಶ ಅಲ್ಲಿಂದ ಇಳಿದದ್ದು.

ಮದ್ದು ಮಾತ್ರ ಇನ್ನೂ ಹಳೆಯದು. ಜರ್ಮನ್ ಔಷಧಿಕಾರ ಮೈನ್ 1831ರಲ್ಲೇ ಅಟ್ರೋಪಿನ್ನಿನ ಹರಳುಗಳನ್ನು ಬೇರ್ಪಡಿಸಿದ್ದ, ಬೆಲ್ಲಡೋನ ಎಂಬ ಗಿಡದಿಂದ. 1864ರಲ್ಲಿ ಪ್ರಾಗ್‌ನ ಕೆಲವು ಕೈದಿಗಳು ಸಾರಾಯಿ ಎಂದುಕೊಂಡು ಅಟ್ರೋಪಿನ್ ದ್ರಾವಣ ಕುಡಿದರು. ಕ್ಲೈನ್‌ವಾಕ್ಟರ್ ಎಂಬ ವೈದ್ಯ ಪಶ್ಚಿಮ ಆಫ್ರಿಕದ ಕಲಬಾರ್ ಬೀಜದ ಸಾರ ಕೊಟ್ಟು ನೋಡಿದ. ಕಲಬಾರ್ ಬೀಜವೂ ವಿಷವೇ, ಕಿಣ್ವವನ್ನು ಕಟ್ಟುವ ವಿಷ. ಅದರಲ್ಲಿರುವುದೂ ಆಲ್ಕಲಾಯ್ಡೇ, ಫೈಸೊಸ್ಟಿಗ್ಮಿನ್. ಎಡಿನ್‌ಬರೋದ ಥಾಮಸ್ ಫ್ರೇಸರ್ 1870ರ ಹೊತ್ತಿಗೆ ಇದನ್ನೇ ತಿರುಗಿಸಿ, ಕಲಬಾರ್ ಬೀಜದ ವಿಷಕ್ಕೆ ಅಟ್ರೋಪಿನ್ ಪ್ರತಿವಿಷ ಎಂದು ಪ್ರಯೋಗಗಳಿಂದ ತೋರಿಸಿದ. ಹೀಗೆ ಶ್ರಾಡರನ ವಿಷ ಹುಟ್ಟುವ ಆರು ದಶಕ ಮುಂಚೆ ಅದರ ಮದ್ದು ಪುಸ್ತಕದಲ್ಲಿತ್ತು.

*

ಮದಗುಣಕಿಯನ್ನು ಕುರಿತ ಅತಿ ದೊಡ್ಡ ಸೋಜಿಗ ಔಷಧದ್ದಲ್ಲ, ಅದು ಬಂದ ದಾರಿಯದು. ದತ್ತೂರಿ ಕುಲದ ಜಾತಿಗಳೆಲ್ಲ ಅಮೆರಿಕ ಖಂಡದ ಮೂಲದವು ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ಮೆಣಸಿನಕಾಯಿಯ ಜೊತೆ, ಪೋರ್ಚುಗೀಸರ ಹಡಗಿನಲ್ಲಿ ಬಂದಿರಬೇಕಲ್ಲ? ಆದರೆ ಕೊಲಂಬಸ್ ಹುಟ್ಟುವ ಶತಮಾನಗಳ ಮುಂಚೆಯೇ ಸಂಸ್ಕೃತ ಗ್ರಂಥಗಳು ಇದನ್ನು ಬಲ್ಲವು. ವಾಮನ ಪುರಾಣ ಇದು ಶಿವನ ಎದೆಯಿಂದ ಹುಟ್ಟಿತೆನ್ನುತ್ತದೆ. ಚೋಳರ ನಟರಾಜನ ಜಟೆಯಲ್ಲಿರುವ ಹೂ ಇದೇ ಎಂದು ಗುರುತಿಸುತ್ತಾರೆ. ಆರ್. ಗೀತಾ ಮತ್ತು ಗರೈಬೆ ಎಂಬ ಸಂಶೋಧಕರು 2007ರಲ್ಲಿ ಈ ಸಾಕ್ಷ್ಯಗಳನ್ನೆಲ್ಲ ಕೂಡಿಸಿ, ಕೊಲಂಬಸ್ಸಿಗಿಂತ ಮುಂಚೆಯೇ, ಕ್ರಿಸ್ತಶಕದ ಮೊದಲ ಸಹಸ್ರಮಾನದಲ್ಲೇ ಗಿಡ ಹೇಗೋ ಸಾಗರ ದಾಟಿರಬೇಕೆಂದು ವಾದಿಸಿದರು. ಹೇಗೋ ಎಂಬಲ್ಲೇ ಎಲ್ಲ ಇದೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಕಡೆದ ಆರನೆಯ ಶತಮಾನದ ಶಿಲ್ಪಿಗಳು ಮಲಪ್ರಭೆಯ ದಂಡೆಯ ಮೇಲೆ ಈ ಹೂವನ್ನು ಕಂಡಿದ್ದರೇ ಎಂಬ ಪ್ರಶ್ನೆ ಅಲ್ಲಿ ನಿಂತಾಗಲೆಲ್ಲ ನನ್ನಲ್ಲಿ ಏಳುತ್ತದೆ. ಶಿವರಾತ್ರಿಗೆ ಈ ಹೂವನ್ನು ಲಿಂಗದ ಮೇಲೆ ಇಡುವ ಕೈಗಳು ನಮ್ಮ ಸೀಮೆಯಲ್ಲಿ ಈಗಲೂ ಇವೆ.

*

ಬಿಡಿ ಸಂಗತಿಗಳು, ಒಂದಕ್ಕಿಂತ ಒಂದು ವಿಚಿತ್ರ:

ಆಲ್ಕಲಾಯ್ಡ್ ತಯಾರಾಗುವುದು ಬೇರಿನಲ್ಲಿ, ಅಲ್ಲಿಂದ ಎಲೆಗೆ ಏರುತ್ತದೆ. ಮದಗುಣಕಿಯ ಬೇರಿಗೆ ಟೊಮೆಟೊ ಕಸಿ ಕಟ್ಟಿದರೆ ಟೊಮೆಟೊ ಗಿಡದಲ್ಲೇ ವಿಷ ಬರುತ್ತದೆ. ಟೊಮೆಟೊ ಬೇರಿಗೆ ಮದಗುಣಕಿ ಕಟ್ಟಿದರೆ ಎಲೆಯಲ್ಲಿ ವಿಷ ತೀರಾ ಕಡಿಮೆ.

ಕೆಲವು ಮೊಲಗಳ ರಕ್ತದಲ್ಲಿ ಅಟ್ರೋಪಿನ್ನನ್ನೇ ಒಡೆಯುವ ಕಿಣ್ವವಿದೆ. ಅವು ಬೆಲ್ಲಡೋನದ ಎಲೆ ಮೇಯ್ದು ಆರಾಮಾಗಿರುತ್ತವೆ. ಎಲ್ಲ ಮೊಲಗಳಲ್ಲೂ ಇಲ್ಲ, ಕೆಲವದರಲ್ಲಿ ಮಾತ್ರ.

ದಮ್ಮಿಗೆ ಮದಗುಣಕಿಯ ಒಣ ಎಲೆಯ ಹೊಗೆ ಸೇದುವುದು ನಮ್ಮ ಕಡೆಯ ಹಳೆಯ ಉಪಾಯ. ಮದ್ರಾಸಿನಲ್ಲಿದ್ದ ಕಂಪನಿಯ ವೈದ್ಯ ಆಂಡರ್ಸನ್ ಇದನ್ನು ಕಂಡು ಜನರಲ್ ಜೆಂಟ್ ಎಂಬಾತನಿಗೆ ಹೇಳಿ, ಆತನಿಂದ 1802ರ ಸುಮಾರಿಗೆ ಬ್ರಿಟನ್ನಿಗೆ ಹೋಯಿತು. ಮುಂದೆ ಅಲ್ಲಿ ದಮ್ಮಿನ ಸಿಗರೇಟುಗಳೇ ಅಂಗಡಿಗೆ ಬಂದವು. ಹೊಗೆ ಶ್ವಾಸನಾಳವನ್ನು ಸಡಿಲಿಸುವುದು ನಿಜ, ಜೊತೆಗೆ ತಲೆಯನ್ನೂ ಕೆಡಿಸುತ್ತದೆ. ಅಟ್ರೋಪಿನ್ನಿನ ಅಣುವನ್ನು ಸ್ವಲ್ಪ ತಿದ್ದಿ, ಮೆದುಳಿಗೆ ದಾಟದಂತೆ ಮಾಡಿದ ಇಪ್ರಟ್ರೋಪಿಯಂ, ಟಿಯೋಟ್ರೋಪಿಯಂ ಈಗ ಇನ್‌ಹೇಲರಿನಲ್ಲಿ ಸಿಗುತ್ತವೆ. ಬಾಗಲಕೋಟೆಯ ಔಷಧದಂಗಡಿಯಲ್ಲಿ ಮುದುಕರೊಬ್ಬರು ಅಂಥದೊಂದನ್ನು ಕೊಂಡು ಜೇಬಿಗಿಳಿಸುವುದನ್ನು ಕಂಡಾಗ ಹಳೆಯ ಹೊಗೆ ಇಲ್ಲಿಗೆ ಬಂದು ತಲುಪಿತಲ್ಲ ಎಂದು ಖುಷಿಯಾಯಿತು.

ಆಯುರ್ವೇದವೂ ಮದಗುಣಕಿಯನ್ನು ಹಾಗೆಯೇ ಬಳಸುವುದಿಲ್ಲ. ಬೀಜವನ್ನು ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ ಶೋಧಿಸಿದ ಮೇಲೆಯೇ ಬಳಕೆ. ದಮ್ಮಿಗೆ ಕೊಡುವ ಕನಕಾಸವದಲ್ಲಿ ಇದು ಮುಖ್ಯ ದ್ರವ್ಯ. ಔಷಧ ಮತ್ತು ಕಾಂತಿವರ್ಧಕ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲೂ ಧತ್ತೂರದ ಹೆಸರಿದೆ.

ಚಿಕ್ಕ ಮಕ್ಕಳ ಕಣ್ಣಿನ ನಂಬರು ನೋಡುವ ಮುಂಚೆ ಮೂರು ದಿನ ಅಟ್ರೋಪಿನ್ ಮುಲಾಮು ಹಚ್ಚಿಸುತ್ತಾರೆ. ಪಾಪೆ ಒಂದೆರಡು ವಾರ ಅಗಲವಾಗಿಯೇ ಇರುತ್ತದೆ, ಬಿಸಿಲು ಚುಚ್ಚುತ್ತದೆ, ಪುಸ್ತಕ ಮಂಜಾಗುತ್ತದೆ. ತಾಯಂದಿರು ಹೆದರಬೇಕಿಲ್ಲ. ಮುಲಾಮಿನ ಟ್ಯೂಬು ಮಾತ್ರ ಮಕ್ಕಳ ಕೈಗೆ, ಬಾಯಿಗೆ ಸಿಗಬಾರದು.

ದಾರಿಹೋಕರಿಗೆ ಊಟದಲ್ಲಿ ಮದಗುಣಕಿಯ ಬೀಜ ಬೆರೆಸಿ ದೋಚುವವರು ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಎಷ್ಟಿದ್ದರೆಂದರೆ, ನಾರ್ಮನ್ ಚೆವರ್ಸ್ 1856ರಲ್ಲಿ ಪ್ರಕಟಿಸಿದ ವೈದ್ಯಕೀಯ ನ್ಯಾಯಶಾಸ್ತ್ರದ ಪುಸ್ತಕದಲ್ಲಿ ದತ್ತೂರಿಗೆ ದೊಡ್ಡ ಜಾಗವೇ ಇದೆ.

*

ಅಟ್ರೋಪಿನ್ ಎಲ್ಲ ಎಣ್ಣೆಗೂ ಮದ್ದಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಬೇರೆ ಗುಂಪಿನದು, ಅದು ಈ ಕಿಣ್ವವನ್ನು ಕಟ್ಟುವುದಿಲ್ಲ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಕುಡಿದವರಿಗೂ ಇದರಿಂದ ಉಪಯೋಗವಿಲ್ಲ, ಅದಕ್ಕೆ ಖಚಿತವಾದ ಪ್ರತಿವಿಷವೇ ಇಲ್ಲ.

ಆದರೆ ಸುಳ್ವಾಡಿಯದು ಆರ್ಗನೋಫಾಸ್ಫೇಟ್ ಗುಂಪಿನ ವಿಷ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಆ ಹಳ್ಳಿಯ ಕಿಚ್‌ಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಮೊನೊಕ್ರೊಟೊಫಾಸ್ ಬೆರೆಸಿದ್ದರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ತೀರಿಕೊಂಡರು. ಆ ಎಣ್ಣೆಯನ್ನು ತರಕಾರಿಗೆ ಹೊಡೆಯಬಾರದೆಂದು 2005ರಲ್ಲೇ ಸರಕಾರ ನಿಷೇಧಿಸಿತ್ತು. 2018ರ ಆಗಸ್ಟ್‌ನಲ್ಲಿ ಮಿಥೈಲ್ ಪ್ಯಾರಾಥಿಯಾನ್ ಸೇರಿ ಹಲವನ್ನು ನಿಷೇಧಿಸಿತು. ಫೋರೇಟ್, ಟ್ರಯಾಜೋಫಾಸ್‌ಗಳಿಗೆ 2020ರ ಕೊನೆಯವರೆಗೆ ಗಡುವು ಕೊಟ್ಟಿತು. ನೂರು ಜನ ಒಮ್ಮೆಲೇ ಬಂದರೆ 75ರ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದಾಗ ಎದೆ ಝಲ್ಲೆನ್ನುತ್ತದೆ. ಎಣ್ಣೆ ಮಾರುವ ಪ್ರತಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಒಬ್ಬ ರೋಗಿಯನ್ನಾದರೂ ಜಿಲ್ಲಾಸ್ಪತ್ರೆ ಮುಟ್ಟುವವರೆಗೆ ಹಿಡಿದಿಡುವಷ್ಟು ಆಂಪೂಲು ಇರಲೇಬೇಕು ಎಂದು ನಾನು ನಂಬಿದ್ದೇನೆ. ಇದು ಬಹಳ ದುಬಾರಿ ಮದ್ದೂ ಅಲ್ಲ.

ಮನಸ್ಸು ಕುಸಿದು ಸೀಸೆಯ ಕಡೆ ಕೈ ಹೋಗುವ ಮುಂಚೆ ಮಾತಾಡಲು 14416 ಇದೆ, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ. ಎಣ್ಣೆ ಅಂಗಡಿಗಳ ಗೋಡೆಯ ಮೇಲೆ ಈ ನಂಬರನ್ನು ದೊಡ್ಡದಾಗಿ ಬರೆಸಬೇಕು.

*

ಕಟ್ಟಿಬಿದ್ದ ಕಿಣ್ವವನ್ನು ಬಿಡಿಸುವ ಮದ್ದು ಬೇರೆ ಇದೆ, ಪ್ರಾಲಿಡಾಕ್ಸಿಮ್. ಆಸ್ಪತ್ರೆಯ ಬಾಯಲ್ಲಿ ಪ್ಯಾಮ್. 1950ರ ದಶಕದಲ್ಲಿ ಬಂದದ್ದು. ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಹೆಚ್ಚು ಪ್ರಮಾಣದಲ್ಲಿ ನಿರಂತರ ಕೊಟ್ಟವರು ಹೆಚ್ಚು ಉಳಿದರು. 2009ರಲ್ಲಿ ಪ್ರಕಟವಾದ ಶ್ರೀಲಂಕಾದ ಅಧ್ಯಯನದಲ್ಲಿ ಪ್ರಯೋಜನವೇ ಕಾಣಲಿಲ್ಲ. ಒಂದೇ ಮದ್ದು, ಒಂದೇ ಗುಂಪಿನ ವಿಷ, ಎರಡು ಉತ್ತರ.

ಇದರ ಒಂದು ಎಳೆ ಗಡಿಯಾರದಲ್ಲಿದೆ. ಕಟ್ಟಿಬಿದ್ದ ಕಿಣ್ವ ಸ್ವಲ್ಪ ಹೊತ್ತಿನ ಮೇಲೆ ಗಟ್ಟಿಯಾಗಿ, ಯಾವ ಮದ್ದಿಗೂ ಬಿಡದಂತಾಗುತ್ತದೆ. ಮೊನೊಕ್ರೊಟೊಫಾಸ್, ಡೈಮಿಥೊಯೇಟ್‌ನಂಥ ಡೈಮಿಥೈಲ್ ಬಗೆಯವುಗಳಲ್ಲಿ ಅರ್ಧದಷ್ಟು ಕಿಣ್ವ ನಾಲ್ಕು ಗಂಟೆಯೊಳಗೆ ಕೈತಪ್ಪುತ್ತದೆ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್‌ನಂಥ ಡೈಇಥೈಲ್ ಬಗೆಯವುಗಳಲ್ಲಿ ಅದಕ್ಕೆ ಮೂವತ್ತು ಗಂಟೆಯ ಮೇಲಾಗುತ್ತದೆ. ಹೊಲದಿಂದ ಊರಿಗೆ, ಊರಿಂದ ಬಾಗಲಕೋಟೆಗೆ ಬರುವಷ್ಟರಲ್ಲಿ ಎಷ್ಟು ಹೊತ್ತಾಯಿತು, ಒಳಗೆ ಹೋದದ್ದು ಯಾವುದು, ಎರಡೂ ವೈದ್ಯರಿಗೆ ಬೇಕು. ಗಾಬರಿಯಲ್ಲಿ ಮನೆಯವರು "ಎಣ್ಣಿರಿ, ಹತ್ತಿಗೆ ಹೊಡ್ಯೂದು" ಎಂದಷ್ಟೇ ಹೇಳುತ್ತಾರೆ. ಆದ್ದರಿಂದ ಊರಲ್ಲಿ ಸಿಕ್ಕವರಿಗೆಲ್ಲ ನಾನೀಗ ಒಂದೇ ಮಾತು ಹೇಳುತ್ತಿದ್ದೇನೆ: ಹೊತ್ತು ನೋಡಿಟ್ಟುಕೊಳ್ಳಿ, ಸೀಸೆಯನ್ನು ಒಡ್ಡಿಗೆ ಎಸೆಯಬೇಡಿ, ಮುಚ್ಚಳ ಬಿಗಿದು ಚೀಲದಲ್ಲಿ ಹಾಕಿ ರೋಗಿಯ ಜೊತೆಗೇ ಗಾಡಿಯಲ್ಲಿ ಕಳಿಸಿ.